ಫೀ ಸಣ್ಣದು, ಖರ್ಚು ದೊಡ್ಡದು: ಐಟಿಐ, ಡಿಪ್ಲೊಮಾ ಸೇರುವವರ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ ಫಲಿತಾಂಶದ ನಂತರ ಬಂದ ಪತ್ರಗಳಲ್ಲಿ ಹೆಚ್ಚಿನವು ಐಟಿಐ, ಪಾಲಿಟೆಕ್ನಿಕ್ ಸೇರುವ ಮಕ್ಕಳ ಖರ್ಚಿನ ಬಗ್ಗೆ ಇವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಮಗನಿಗೆ ಕಾರವಾರದ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಸೀಟು ಸಿಕ್ಕಿದೆ. ನಾವು ಜೊಯಿಡಾ ಕಡೆಯವರು, ಪ್ರವರ್ಗ 2ಎ. ಫೀ ಹೇಗೋ ಹೊಂದಿಸುತ್ತೇವೆ. ಆದರೆ ರೂಮಿನ ಪಾಲು ತಿಂಗಳಿಗೆ 1,800, ಮೆಸ್ಸಿಗೆ 3,500 ಎನ್ನುತ್ತಾರೆ. ಮೂರು ವರ್ಷ ಎಳೆಯುವುದು ಹೇಗೆ?
— ಓದುಗರೊಬ್ಬರು, ಜೊಯಿಡಾ

ನಿಮ್ಮ ಲೆಕ್ಕ ಸರಿಯಾದ ಜಾಗದಲ್ಲೇ ಶುರುವಾಗಿದೆ. ತಿಂಗಳಿಗೆ 5,300, ವರ್ಷಕ್ಕೆ ಹತ್ತು ತಿಂಗಳು ಹಿಡಿದರೂ 53,000. ಮೂರು ವರ್ಷಕ್ಕೆ 1,59,000. ಇದರ ಮುಂದೆ ಸರ್ಕಾರಿ ಕಾಲೇಜಿನ ಫೀ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ನೀವು ತುಂಬುವ ಅರ್ಜಿಗಳಲ್ಲೆಲ್ಲ ಹೆಚ್ಚು ಬೆಲೆಯದ್ದು ಸ್ಕಾಲರ್‌ಶಿಪ್ಪಿನದಲ್ಲ, ಹಾಸ್ಟೆಲಿನದು. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲಿನಲ್ಲಿ ಊಟ, ವಸತಿ ಎರಡೂ ಉಚಿತ. ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಹಾಕಬೇಕು.

ಕಾಲೇಜಿಗೆ ಫೀ ಕಟ್ಟಿದ ರಸೀದಿ ಕೈಗೆ ಬಂದ ದಿನವೇ ಪೋರ್ಟಲ್ ತೆರೆದಿದೆಯೇ ನೋಡಿ. ಕ್ಲಾಸು ಶುರುವಾಗಲಿ ಎಂದು ಕೂತವರಿಗೆ ಕೊನೆಯ ದಿನಾಂಕ ತಪ್ಪುತ್ತದೆ. ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಅಂಕಪಟ್ಟಿ, ಫೀ ರಸೀದಿ, ಫೋಟೊ ಜೊತೆಗಿರಲಿ. ಕಾರವಾರದಲ್ಲಿರುವ ನೆಂಟರ ಮನೆಯ ವಿಳಾಸ ಕೊಡಬೇಡಿ. ಹಾಸ್ಟೆಲು ಹೊರಊರಿನ ಮಕ್ಕಳಿಗೆ, ಸ್ಥಳೀಯರೆಂದು ಅರ್ಜಿ ಪಕ್ಕಕ್ಕೆ ಹೋಗುತ್ತದೆ. ಹಾಸ್ಟೆಲಿನ ಆಯ್ಕೆ ಕೇಳಿದಾಗ ಒಂದನ್ನೇ ಗುರುತಿಸಿ ಬಿಡುವುದೂ ತಪ್ಪೇ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಹತಾಶರಾಗಬೇಡಿ. ಸೀಟು ಸಿಕ್ಕಿಯೂ ಬಾರದ ಹುಡುಗರು ಇದ್ದೇ ಇರುತ್ತಾರೆ. ವಾರ್ಡನ್ನರನ್ನೂ ತಾಲ್ಲೂಕು ಕಲ್ಯಾಣಾಧಿಕಾರಿಯ ಕಚೇರಿಯನ್ನೂ ಎರಡು ವಾರಕ್ಕೊಮ್ಮೆ ಕೇಳುತ್ತಿರಿ.

ಹಾಸ್ಟೆಲು ಸಿಗದೇ ಹೋದರೆ ವಿದ್ಯಾಸಿರಿ ಇದೆ: ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000. ಹಾಸ್ಟೆಲಿನಲ್ಲಿದ್ದವರಿಗೆ ಇದು ಸಿಗುವುದಿಲ್ಲ. ನಿಮ್ಮ 53,000ದಲ್ಲಿ ಆಗಲೂ 38,000 ಕೈಯಿಂದಲೇ ಹೋಗಬೇಕು. ಮೇಲಾಗಿ ಆ 15,000 ಸಾಮಾನ್ಯವಾಗಿ ವರ್ಷದ ಕೊನೆಯಲ್ಲಿ ಬರುತ್ತದೆ. ಮೊದಲ ಐದು ತಿಂಗಳ 26,500 ಕೈಯಲ್ಲಿ ಇಟ್ಟುಕೊಂಡೇ ಹುಡುಗನನ್ನು ಕಳಿಸಿ. ಓದು ಬಿಟ್ಟು ಬರುವ ಮಕ್ಕಳು ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಈ ಐದು ತಿಂಗಳಲ್ಲೇ. ನಾಲ್ಕು ಹುಡುಗರು ಸೇರಿ ಗ್ಯಾಸ್ ಒಲೆ ಇಟ್ಟುಕೊಂಡು, ಅಕ್ಕಿ-ತೆಂಗಿನಕಾಯಿ ಊರಿಂದ ಒಯ್ದರೆ ಮೆಸ್ಸಿನ ಲೆಕ್ಕ ಇಳಿಯುತ್ತದೆ. ಆದರೆ ಪರೀಕ್ಷೆಯ ತಿಂಗಳಲ್ಲಿ ಮೆಸ್ಸೇ ಲೇಸು.

ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಹಣ ಜಮಾ ಆಗಿದೆ ಎಂದು ತೋರಿಸುತ್ತದೆ, ಪಾಸ್‌ಬುಕ್ಕಿನಲ್ಲಿ ಇಲ್ಲ. ಜೊತೆಗೆ ನನ್ನ ಅಂಕಪಟ್ಟಿಯಲ್ಲಿ ‘ನಾಯ್ಕ’, ಆಧಾರಿನಲ್ಲಿ ‘ನಾಯಕ’ ಎಂದಿದೆ. ಇದರಿಂದಲೇ ತೊಂದರೆಯಾಯಿತೇ?
— ಡಿಪ್ಲೊಮಾ ವಿದ್ಯಾರ್ಥಿನಿ, ಅಂಕೋಲಾ

ಇವು ಎರಡು ಬೇರೆ ಬೇರೆ ತೊಂದರೆ. ಮೊದಲು ಹಣದ್ದು ನೋಡೋಣ.

ಈ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗೆ ಬರುವುದಿಲ್ಲ. ನಿಮ್ಮ ಆಧಾರ್ ಸಂಖ್ಯೆ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಸಿಮ್ ಕೊಳ್ಳುವಾಗ ಅಂಗಡಿಯವನು ಬೆರಳು ಒತ್ತಿಸಿಕೊಂಡು ಪೇಮೆಂಟ್ಸ್ ಬ್ಯಾಂಕ್ ಖಾತೆಯನ್ನೂ ತೆರೆದಿರಬಹುದು. ನಿಮಗೆ ಗೊತ್ತಿಲ್ಲದೆ ಹಣ ಅಲ್ಲಿ ಕೂತಿರುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿ. ಬ್ಯಾಂಕಿನ ಹೆಸರು, ಜೋಡಣೆ ಚಾಲ್ತಿಯಲ್ಲಿದೆಯೇ ಇಲ್ಲವೇ ಎಂಬುದು ಕಾಣುತ್ತದೆ. ಬೇರೆ ಬ್ಯಾಂಕಿನ ಹೆಸರಿದ್ದರೆ ಮೊದಲು ಅಲ್ಲಿನ ಹಣ ತೆಗೆಯಿರಿ. ಆಮೇಲೆ ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ ‘ಡಿಬಿಟಿಗಾಗಿ (ಸರ್ಕಾರದ ಹಣ ನೇರ ಖಾತೆಗೆ ಬರಲು) ಎನ್‌ಪಿಸಿಐ ಜೋಡಣೆ’ ಎಂದು ಬಾಯಿಬಿಟ್ಟು ಹೇಳಿ ಅರ್ಜಿ ಕೊಡಿ. ಬರೀ ‘ಆಧಾರ್ ಲಿಂಕ್’ ಎಂದರೆ ಕೌಂಟರಿನಲ್ಲಿ ಕೆವೈಸಿಗೆ ಆಧಾರ್ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಇವೆರಡು ಒಂದೇ ಅಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇನ್ನೊಂದು ಗಂಟಿದೆ. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಳ್ಳಿಹಳ್ಳಿಯಲ್ಲಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿದೆ. ಹಳೆಯ ಪಾಸ್‌ಬುಕ್ಕನ್ನೇ ಅಪ್‌ಲೋಡ್ ಮಾಡುವವರು ಇನ್ನೂ ಇದ್ದಾರೆ. ಹೊಸ ಪಾಸ್‌ಬುಕ್ ತೆಗೆದುಕೊಂಡು ಐಎಫ್‌ಎಸ್‌ಸಿ ನೋಡಿ, ಜೋಡಣೆ ಉಳಿದಿದೆಯೇ ಎಂದು ಶಾಖೆಯಲ್ಲೇ ಖಚಿತ ಮಾಡಿಕೊಳ್ಳಿ.

ಈಗ ಹೆಸರು. ಹೊರಗಿನವರ ಕಣ್ಣಿಗೆ ನಾಯ್ಕ, ನಾಯಕ ಒಂದೇ ಇರಬಹುದು. ಇಲ್ಲಿ ಅವು ಬೇರೆ ಬೇರೆ ಸಮುದಾಯದವರ ಅಡ್ಡಹೆಸರು. ಹಾಗಾಗಿ ಕಾಗುಣಿತದ ತಪ್ಪು ಜಾತಿ ಪ್ರಮಾಣಪತ್ರದ ತನಕ ಅನುಮಾನ ಎಬ್ಬಿಸುತ್ತದೆ. ಅಂಕಪಟ್ಟಿಯ ಹೆಸರು ಸರಿಯಿದ್ದರೆ ಅದನ್ನು ಮುಟ್ಟಬೇಡಿ, ಅದೇ ದಾಖಲೆ ಕೊಟ್ಟು ಆಧಾರ್ ತಿದ್ದಿಸಿ. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಇಂಗ್ಲಿಷ್ ಅಕ್ಷರಗಳನ್ನೂ ಇನಿಶಿಯಲ್ಲನ್ನೂ ಅಂಕಪಟ್ಟಿಯ ಪಕ್ಕ ಇಟ್ಟು ಒಂದೊಂದಾಗಿ ತಾಳೆ ನೋಡಿಯೇ ಒಪ್ಪಿಗೆ ಕೊಡಿ. ಮೊದಲು ಆಧಾರ್, ಆಮೇಲೆ ಬ್ಯಾಂಕ್ ಕೆವೈಸಿ, ಆಮೇಲೆ ನಾಡಕಚೇರಿಯ ಪ್ರಮಾಣಪತ್ರ, ಕೊನೆಗೆ ಎಸ್‌ಎಸ್‌ಪಿ. ಈ ಕ್ರಮ ಹಿಂದುಮುಂದಾದರೆ ಒಂದು ಕಡೆ ಕೂಡಿಸುವಷ್ಟರಲ್ಲಿ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ.

ಮನೆಯಲ್ಲಿ ಹದಿನೈದು ದಾಟಿದ ತಮ್ಮ-ತಂಗಿಯರಿದ್ದರೆ ಅವರ ಬೆರಳಚ್ಚು, ಕಣ್ಣಿನ ಗುರುತನ್ನು ಆಧಾರ್ ಕೇಂದ್ರದಲ್ಲಿ ಹೊಸದಾಗಿ ಕೊಡಿಸಿ. 15ರಿಂದ 17 ವಯಸ್ಸಿನೊಳಗೆ ಉಚಿತ. ಅದನ್ನು ಮಾಡಿಸದ ಮಕ್ಕಳಿಗೆ ಅರ್ಜಿ ಹಾಕುವ ದಿನವೇ ಬೆರಳು ಹೊಂದುವುದಿಲ್ಲ.

ನಾವು ಶಿರಸಿಯ ಹವ್ಯಕರು, ಎರಡು ಎಕರೆ ಅಡಿಕೆ ತೋಟ, ವರ್ಷದ ಆದಾಯ 3 ಲಕ್ಷದ ಆಸುಪಾಸು. ಮಗಳು ಖಾಸಗಿ ಪಾಲಿಟೆಕ್ನಿಕ್ ಸೇರಿದ್ದಾಳೆ. ಸಾಮಾನ್ಯ ವರ್ಗಕ್ಕೆ ಏನೂ ಇಲ್ಲ ಎನ್ನುತ್ತಾರೆ, ನಿಜವೇ?
— ತಾಯಿಯೊಬ್ಬರು, ಶಿರಸಿ

ನಿಜವಲ್ಲ. ತಾಂತ್ರಿಕ ಕಾಲೇಜುಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಹೆಣ್ಣುಮಕ್ಕಳಿಗೆಂದೇ ಇದೆ, ವರ್ಷಕ್ಕೆ 50,000 ರೂಪಾಯಿ. ಜಾತಿ ಕೇಳುವುದಿಲ್ಲ. ಕುಟುಂಬದ ಆದಾಯ 8 ಲಕ್ಷದ ಒಳಗಿರಬೇಕು, ಕಾಲೇಜಿಗೆ ಎಐಸಿಟಿಇ ಮಾನ್ಯತೆ ಇರಬೇಕು, ಹುಡುಗಿ ಮೊದಲ ವರ್ಷದಲ್ಲಿರಬೇಕು ಅಥವಾ ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷಕ್ಕೆ ಸೇರಿರಬೇಕು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳ ತನಕ ಕೊಡುತ್ತಾರೆ. ಡಿಪ್ಲೊಮಾದವರನ್ನು ಹತ್ತನೇ ತರಗತಿಯ ಅಂಕದ ಮೇಲೆ ಆರಿಸುತ್ತಾರೆ. ಮೊದಲ ವರ್ಷ ಅರ್ಜಿ ಹಾಕದೆ ಎರಡನೇ ವರ್ಷ ನೆನಪಾದರೆ ಬಾಗಿಲು ಮುಚ್ಚಿದಂತೆಯೇ.

ಅರ್ಜಿ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಮೊದಲು ಒಂದು ಸಲದ ನೋಂದಣಿ, ಅಂದರೆ ಒಟಿಆರ್, ಮಾಡಬೇಕು. ಅದರಲ್ಲಿ ಮೊಬೈಲಿನ ಮುಂದೆ ಮುಖ ತೋರಿಸಿ ಆಧಾರ್ ದೃಢೀಕರಣ ಆಗುತ್ತದೆ. ಕತ್ತಲು ಕೋಣೆಯಲ್ಲಿ, ಮಳೆಯ ಮಬ್ಬಿನಲ್ಲಿ ಅದು ಮತ್ತೆ ಮತ್ತೆ ಸೋಲುತ್ತದೆ. ಜಗಲಿಗೆ ಬಂದು ಬೆಳಕಿಗೆ ಮುಖ ಮಾಡಿ ನಿಲ್ಲಲಿ. ಅರ್ಜಿ ಸಲ್ಲಿಸಿದರೆ ಮುಗಿಯಲಿಲ್ಲ. ಕಾಲೇಜಿನ ನೋಡಲ್ ಅಧಿಕಾರಿ ತಮ್ಮ ಲಾಗಿನ್‌ನಲ್ಲಿ ಗಡುವಿನೊಳಗೆ ಪರಿಶೀಲಿಸಿ ಮುಂದೆ ಕಳಿಸಬೇಕು. ಅದು ಆಗದ ಅರ್ಜಿ ಅಲ್ಲಿಯೇ ಸಾಯುತ್ತದೆ. ಸ್ಟೇಟಸ್ಸಿನಲ್ಲಿ ‘ಸಂಸ್ಥೆಯಿಂದ ಪರಿಶೀಲನೆಯಾಗಿದೆ’ ಎಂದು ಕಾಣುವ ತನಕ ಮಗಳು ಕಾಲೇಜಿನ ಆಫೀಸಿಗೆ ಹೋಗಿ ಕೇಳುತ್ತಿರಲಿ.

ರಾಜ್ಯ ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಶಿಷ್ಯವೇತನವೂ ಇದೆ. ಆದರೆ ಪ್ರಗತಿ ಪಡೆದವರು ಅದೇ ವರ್ಷ ಸರ್ಕಾರದ ಇನ್ನೊಂದು ಸ್ಕಾಲರ್‌ಶಿಪ್ ಪಡೆಯುವಂತಿಲ್ಲ. 50,000ವನ್ನೇ ಮುಂದಿಟ್ಟುಕೊಳ್ಳಿ, ಅದು ಬರದಿದ್ದರೆ ಇನ್ನೊಂದು. ಶೇ 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ಮಕ್ಕಳಿಗೆ ಇದೇ ಮೊತ್ತದ ಸಕ್ಷಮ್ ಇದೆ. ಅದು ಗಂಡುಮಕ್ಕಳಿಗೂ ಅನ್ವಯ.

ಖಾಸಗಿ ಕಾಲೇಜಿಗೆ ಫೀ ಕಟ್ಟಿದ ಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಸೀಟು ಬಂತು. ಹಣ ವಾಪಸ್ ಕೇಳಬಹುದೇ?
— ಹೊನ್ನಾವರ

ಕೇಳಬಹುದು. ಕೋರ್ಸು ಶುರುವಾಗುವ ಮೊದಲೇ ಬಿಟ್ಟರೆ ಹೆಚ್ಚೆಂದರೆ 1,000 ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಕೊಡಬೇಕೆಂಬುದು ಎಐಸಿಟಿಇ ನಿಯಮ. ಮೂಲ ಅಂಕಪಟ್ಟಿ, ಟಿಸಿ ಇಟ್ಟುಕೊಂಡು ಸತಾಯಿಸುವಂತಿಲ್ಲ. ಬಾಯಿಮಾತಿನಲ್ಲಿ ಹೇಳಬೇಡಿ, ದಿನಾಂಕ ಹಾಕಿದ ಪತ್ರ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಆ ದಿನಾಂಕದ ಮೇಲೆಯೇ ಎಲ್ಲ ನಿಂತಿದೆ.

ರೈತರ ಮಕ್ಕಳಿಗೆ ಕೊಡುವ ರೈತ ವಿದ್ಯಾನಿಧಿಗೆ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಬೇಕು ಎನ್ನುತ್ತಾರೆ. ನಮ್ಮದು ಅತಿಕ್ರಮಣ ಜಮೀನು, ಪಹಣಿಯೇ ಇಲ್ಲ. ಪಕ್ಕದ ಮನೆಯವರದು ಅಜ್ಜನ ಹೆಸರಿನಲ್ಲೇ ಉಳಿದಿದೆ. ಇಬ್ಬರಿಗೂ ಇಲ್ಲವೇ?
— ಸಿದ್ದಾಪುರ

ನಿಮ್ಮ ಪಕ್ಕದವರ ಕೆಲಸ ಸುಲಭ, ನಿಧಾನ ಅಷ್ಟೇ. ಅಜ್ಜ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ ಮಾಡಿಸಿ ಪಹಣಿಗೆ ಅಪ್ಪನ ಹೆಸರು ತರಬೇಕು. ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ತಂತ್ರಾಂಶಕ್ಕೆ ಸೇರಿಸಿದರೆ ಎಫ್‌ಐಡಿ ಸಂಖ್ಯೆ ಬರುತ್ತದೆ. ಮಗ ಹತ್ತನೇ ತರಗತಿಯಲ್ಲಿರುವಾಗಲೇ ಶುರುಮಾಡಬೇಕಾದ ಕೆಲಸ ಇದು.

ಪಹಣಿ ಇಲ್ಲದ ಅತಿಕ್ರಮಣ ಜಮೀನಿಗೆ ಎಫ್‌ಐಡಿ ಆಗುವುದಿಲ್ಲ. 2022ರಲ್ಲಿ ಈ ಯೋಜನೆಯನ್ನು ಭೂರಹಿತ ಕೃಷಿ ಕಾರ್ಮಿಕರು, ಮೀನುಗಾರರು, ನೇಕಾರರು, ಆಟೊ-ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿಸ್ತರಿಸಿದರು. ನೀವು ಆ ದಾರಿ ನೋಡಬೇಕು. ಯೋಜನೆ ಶುರುವಾದಾಗ ಗೊತ್ತುಮಾಡಿದ ಮೊತ್ತ ಪಿಯು, ಐಟಿಐ, ಡಿಪ್ಲೊಮಾ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000. ಇದಕ್ಕಾಗಿ ತಿಂಗಳುಗಟ್ಟಲೆ ಕಚೇರಿ ಅಲೆದು ಕೂಲಿ ಕಳೆದುಕೊಳ್ಳುವ ಮೊದಲು ಆ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮನೆಯಲ್ಲಿ ಯಾರಾದರೂ ನಿಜವಾಗಿ ಗಾರೆ, ಸೆಂಟ್ರಿಂಗ್, ಪೇಂಟಿಂಗ್ ಕೆಲಸಕ್ಕೆ ಹೋಗುವವರಿದ್ದರೆ ಹಿಂದಿನ 12 ತಿಂಗಳಲ್ಲಿ 90 ದಿನದ ಕೆಲಸದ ದೃಢೀಕರಣದೊಂದಿಗೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಿ. ಅಲ್ಲಿ ಮಕ್ಕಳ ಓದಿಗೆ ಸಹಾಯಧನ ಇದೆ. ಸುಳ್ಳು ಕಾರ್ಡು ಮಾತ್ರ ಬೇಡ, ಇಲಾಖೆಯವರು ಹುಡುಕಿ ರದ್ದು ಮಾಡುತ್ತಿದ್ದಾರೆ.

ಐಟಿಐ ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿದ ಹುಡುಗನಿಗೆ ಪೂರ್ತಿ ಟೂಲ್ ಕಿಟ್ ತರಲು ಹೇಳಿದ್ದಾರೆ. ತರಲೇಬೇಕೇ?
— ಭಟ್ಕಳ

ಬೇಕಿಲ್ಲ. ಎನ್‌ಸಿವಿಟಿ (ವೃತ್ತಿ ತರಬೇತಿಯ ರಾಷ್ಟ್ರೀಯ ಮಂಡಳಿ) ಪಠ್ಯಕ್ರಮದಲ್ಲಿ ತರಬೇತಿದಾರರ ಟೂಲ್ ಕಿಟ್ ಸಂಸ್ಥೆಯ ಸಲಕರಣೆ ಪಟ್ಟಿಯಲ್ಲೇ ಇದೆ. 20 ಮಂದಿಯ ಒಂದು ಯೂನಿಟ್ಟಿಗೆ ಬೋಧಕರದ್ದೂ ಸೇರಿ 21 ಸೆಟ್ ಇಡಬೇಕು. ಆ ಪಟ್ಟಿ ತೋರಿಸಿ ಎಂದು ಮರ್ಯಾದೆಯಿಂದಲೇ ಕೇಳಿ.

ಆದರೂ ನಾಲ್ಕು ಸಾಮಾನು ಸ್ವಂತಕ್ಕಿದ್ದರೆ ಕೈ ಬೇಗ ಪಳಗುತ್ತದೆ: ಇನ್ಸುಲೇಶನ್ ಇರುವ ಕಾಂಬಿನೇಷನ್ ಪ್ಲಯರ್, ನಿಯಾನ್ ಟೆಸ್ಟರ್, ಸ್ಕ್ರೂಡ್ರೈವರ್, ವೈರ್ ಸ್ಟ್ರಿಪ್ಪರ್. ಪ್ಲಯರಿನ ಹಿಡಿಕೆಯ ಮೇಲೆ 1000 ವೋಲ್ಟ್ ಗುರುತು ಇದೆಯೇ ನೋಡಿ. ಸಂತೆಯಲ್ಲಿ ಸಿಗುವ ಬಣ್ಣದ ರಬ್ಬರ್ ತೊಡಿಸಿದ್ದು ಇನ್ಸುಲೇಶನ್ ಅಲ್ಲ. ಕರಾವಳಿಯ ಮಳೆಗಾಲದಲ್ಲಿ ಉಪ್ಪುಗಾಳಿಗೆ ಪ್ಲಯರಿನ ಕೀಲು ಹದಿನೈದು ದಿನದಲ್ಲೇ ಬಿಗಿಯುತ್ತದೆ. ಒಂದು ಹನಿ ಮೆಷಿನ್ ಎಣ್ಣೆ ಬಿಟ್ಟು ಬಾಯಿ ತೆರೆದು ಮುಚ್ಚಿ, ಒಣಬಟ್ಟೆಯಲ್ಲಿ ಸುತ್ತಿಡಲಿ. ಹಿಡಿಕೆಗೆ ಎಣ್ಣೆ ತಾಗಬಾರದು, ಜಾರುತ್ತದೆ. ಒದ್ದೆ ಚೀಲದೊಳಗೆ ಹಾಕಿ ಮರೆತರೆ ಮುಂದಿನ ವರ್ಷ ಹೊಸದೇ ಬೇಕು. ಡಿಪ್ಲೊಮಾದ ಹುಡುಗರು ಡ್ರಾಯಿಂಗಿನ ಮಿನಿ ಡ್ರಾಫ್ಟರನ್ನು ಮೇಲಿನ ತರಗತಿಯವರಿಂದ ಕೊಳ್ಳಬಹುದು. ಕೊಳ್ಳುವ ಮೊದಲು ಅದರ ಎರಡು ಅಳತೆಪಟ್ಟಿ ಒಂದಕ್ಕೊಂದು ನೇರ ಲಂಬವಾಗಿವೆಯೇ ಎಂದು ಸೆಟ್‌ಸ್ಕ್ವೇರ್ ಹಿಡಿದು ನೋಡಬೇಕು.

ಎಸ್ಸೆಸ್ಸೆಲ್ಸಿಯಲ್ಲಿ ಶೇ 58. ಒಂದು ವರ್ಷದ ವೆಲ್ಡರ್ ಮಾಡಿ ಬೇಗ ದುಡಿಯಲೇ, ಎರಡು ವರ್ಷದ ಎಲೆಕ್ಟ್ರಿಷಿಯನ್ ಮಾಡಲೇ? ಮುಂದೆ ಎಂಜಿನಿಯರಿಂಗ್ ಓದುವ ಆಸೆಯಿದೆ.
— ಕುಮಟಾ

ಆ ಆಸೆ ಗಟ್ಟಿಯಿದ್ದರೆ ಎರಡು ವರ್ಷದ ಟ್ರೇಡನ್ನೇ ಹಿಡಿಯಿರಿ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ ನೇರ ಸೇರಬಹುದು. ವೆಲ್ಡರ್ ಥರದ ಒಂದು ವರ್ಷದ ಟ್ರೇಡಿಗೆ ಆ ಬಾಗಿಲು ಇಲ್ಲ. ಡಿಪ್ಲೊಮಾ ಮುಗಿಸಿ ರಾಜ್ಯ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಬಿಇ ಮೂರನೇ ಸೆಮಿಸ್ಟರಿಗೆ ಪ್ರವೇಶ. ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೇ ಇದೆ.

ಲೆಕ್ಕ ಹಾಕಿ: 2+2+3, ಏಳು ವರ್ಷ. ಪಿಯು ಮಾಡಿ ಬಿಇಗೆ ಹೋದರೆ 2+4, ಆರು. ಒಂದು ವರ್ಷ ಹೆಚ್ಚು. ಆದರೆ ಪಿಯು ದಾರಿಯಲ್ಲಿ ನಡುವೆ ಹಣ ಮುಗಿದರೆ ಕೈಯಲ್ಲಿ ಕಸುಬಿರುವುದಿಲ್ಲ. ಈ ದಾರಿಯಲ್ಲಿ ಎರಡನೇ ವರ್ಷಕ್ಕೇ ಒಂದು ಪ್ರಮಾಣಪತ್ರ, ನಾಲ್ಕನೇ ವರ್ಷಕ್ಕೆ ಇನ್ನೊಂದು. ಎಲ್ಲಿ ನಿಂತರೂ ದುಡಿಯಬಹುದು, ಮತ್ತೆ ಮುಂದುವರಿಸಬಹುದು.

ಈ ದಾರಿಯಲ್ಲಿ ಎಡವುವುದು ಗಣಿತದಲ್ಲಿ. ಐಟಿಐಯ ವರ್ಕ್‌ಶಾಪ್ ಲೆಕ್ಕದಿಂದ ಹೊರಟವರಿಗೆ ಡಿಪ್ಲೊಮಾ ಎರಡನೇ ವರ್ಷದಲ್ಲಿ ತ್ರಿಕೋನಮಿತಿ, ಮ್ಯಾಟ್ರಿಕ್ಸ್, ಡಿಫರೆನ್ಸಿಯೇಷನ್ ಗೊತ್ತಿದೆ ಎಂದುಕೊಂಡೇ ಪಾಠ ಸಾಗುತ್ತದೆ. ಐಟಿಐ ಎರಡನೇ ವರ್ಷದ ಭಾನುವಾರಗಳಲ್ಲಿ ಡಿಪ್ಲೊಮಾ ಮೊದಲ ವರ್ಷದ ಗಣಿತ ಪುಸ್ತಕ ಹಿಡಿದು ಕೂತರೆ ಸಾಕು. ಬೇರೆ ಕೋಚಿಂಗಿಗೆ ಹಣ ಸುರಿಯಬೇಕಿಲ್ಲ.

ಸೇರುವ ಮುನ್ನ ಇನ್ನೊಂದು ನೋಡಿ. ಐಟಿಐಗೆ ಎನ್‌ಸಿವಿಟಿ ಮಾನ್ಯತೆ ಸಂಸ್ಥೆಗೆ ಮಾತ್ರವಲ್ಲ, ಟ್ರೇಡು-ಯೂನಿಟ್ಟಿನ ಲೆಕ್ಕದಲ್ಲಿ ಸಿಗುತ್ತದೆ. ಫಿಟ್ಟರಿಗೆ ಮಾನ್ಯತೆ ಇದ್ದು ಎಲೆಕ್ಟ್ರಿಷಿಯನ್ನಿಗೆ ಇಲ್ಲದಿರಬಹುದು. ಸಂಸ್ಥೆಯ ಎಂಐಎಸ್ ಸಂಖ್ಯೆ ಕೇಳಿ (ಸರ್ಕಾರಿಯದು ‘ಜಿಆರ್’, ಖಾಸಗಿಯದು ‘ಪಿಆರ್’ ಎಂದು ಶುರುವಾಗುತ್ತದೆ), ಕೇಂದ್ರದ ಪೋರ್ಟಲ್‌ನಲ್ಲಿ ಹಾಕಿ ನಿಮ್ಮ ಟ್ರೇಡಿನ ಸಾಲು ಇದೆಯೇ ನೋಡಿ.

ಫಿಟ್ಟರ್ ಮುಗಿಯುತ್ತ ಬಂತು. ಕೈಗಾ ಅಥವಾ ನೌಕಾನೆಲೆಯ ಅಪ್ರೆಂಟಿಸಿಗೆ ಕಾಯಲೇ, ಗೋವಾದ ಕಂಪನಿ ಸೇರಲೇ? ಅಪ್ರೆಂಟಿಸ್ ಆದರೆ ಕೆಲಸ ಕಾಯಂ ಆಗುತ್ತದೆಯೇ?
— ಕಾರವಾರ

ಕಾಯಂ ಆಗುವುದಿಲ್ಲ. ಅಪ್ರೆಂಟಿಸ್ ಎಂದರೆ ಕಾನೂನಿನ ಪ್ರಕಾರ ಕಲಿಯುವವನು, ಕಾರ್ಮಿಕನಲ್ಲ. ಸಿಗುವುದು ಸ್ಟೈಪೆಂಡ್, ಒಂದು ವರ್ಷದ ದೊಡ್ಡ ಯಂತ್ರಗಳ ಒಡನಾಟ, ಕೊನೆಗೆ ಪರೀಕ್ಷೆ ಬರೆದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ. ಮುಂದೆ ಸರ್ಕಾರಿ ಉದ್ದಿಮೆಗಳ ನೇಮಕಾತಿಯಲ್ಲಿ ಅದು ಬೆಲೆ ತರುತ್ತದೆ.

2019ರ ನಿಯಮದಲ್ಲಿ ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000 ಎಂದಿತ್ತು. ಪರಿಷ್ಕರಣೆಯಾದರೆ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಕಾಣುತ್ತದೆ. ಕಂಪನಿ ಅದಕ್ಕಿಂತ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ. ನೌಕಾ ಯಾರ್ಡುಗಳ ಪ್ರಕಟಣೆಯಲ್ಲಿ ಎಸ್ಸೆಸ್ಸೆಲ್ಸಿಗೆ ಶೇ 50, ಐಟಿಐಗೆ ಶೇ 65 ಕೇಳುವುದು ವಾಡಿಕೆ. ಐಟಿಐ ಅಂಕ ಅದಕ್ಕಿಂತ ಕೆಳಗಿದ್ದರೆ ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ. ವಯಸ್ಸಿನ ಮಿತಿ ಪ್ರತಿ ಪ್ರಕಟಣೆಯಲ್ಲೂ ಬೇರೆ, ಓದಿಯೇ ಅರ್ಜಿ ಹಾಕಿ.

ಗೋವಾದ ಕಂಪನಿ ‘ಟ್ರೈನಿ’ ಎಂದು ಕರೆದರೆ ಒಂದೇ ಪ್ರಶ್ನೆ ಕೇಳಿ: ಒಪ್ಪಂದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಂದಣಿಯಾಗುತ್ತದೆಯೇ? ನೋಂದಣಿಯಾಗುವುದಾದರೆ ಪ್ರಮಾಣಪತ್ರವೂ ಇದೆ, ಕೆಲಸದ ವೇಳೆ ಪೆಟ್ಟಾದರೆ ಪರಿಹಾರದ ಹಕ್ಕೂ ಇದೆ. ಆಗದಿದ್ದರೆ ನೀವು ಅಲ್ಲಿ ಕಡಿಮೆ ಸಂಬಳದ ಕೂಲಿ ಮಾತ್ರ. ಹೊರಊರಿನಲ್ಲಿ ರೂಮು-ಊಟಕ್ಕೆ 6,000 ಹೋದರೆ 7,000ದಲ್ಲಿ ಉಳಿಯುವುದೇನು ಎಂಬುದನ್ನೂ ನೋಡಿ. ಮನೆಯಿಂದ ಓಡಾಡುವಷ್ಟು ಹತ್ತಿರದ ಜಾಗ ಸ್ವಲ್ಪ ಸಣ್ಣದಾದರೂ ಪರವಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ. 30 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂಬ ಕಾನೂನಿದೆ, ಹೊಟೇಲು, ಗೇರು ಕಾರ್ಖಾನೆಯೂ ಇದಕ್ಕೆ ಹೊರತಲ್ಲ. ನಾಲ್ಕು ಮಂದಿಯಿರುವ ವರ್ಕ್‌ಶಾಪು ಕೂಡ ಇಷ್ಟಪಟ್ಟರೆ ತೆಗೆದುಕೊಳ್ಳಬಹುದು.

ಖಾಸಗಿ ಐಟಿಐಗೆ ವರ್ಷಕ್ಕೆ 50,000ದಂತೆ ಎರಡು ವರ್ಷ. ‘ಐಟಿಐಗೆಲ್ಲ ಎಜುಕೇಶನ್ ಲೋನ್ ಕೊಡುವುದಿಲ್ಲ’ ಎಂದು ಬ್ಯಾಂಕಿನವರು ವಾಪಸ್ ಕಳಿಸಿದರು.
— ಯಲ್ಲಾಪುರ

ಮೊದಲು, ಸರ್ಕಾರಿ ಐಟಿಐಯ ಕೊನೆಯ ಸುತ್ತು ಮುಗಿದಿದೆಯೇ ನೋಡಿ. ಆನ್‌ಲೈನ್ ಸುತ್ತುಗಳ ನಂತರ ಉಳಿದ ಸೀಟುಗಳನ್ನು ಕಾಲೇಜಿನಲ್ಲೇ ತುಂಬುತ್ತಾರೆ. ಬೇಕಾದ ಟ್ರೇಡು ಬೇರೆ ತಾಲ್ಲೂಕಿನಲ್ಲಿ ಸಿಕ್ಕರೂ 1 ಲಕ್ಷದ ಸಾಲಕ್ಕಿಂತ ಅಗ್ಗ.

ಇನ್ನು ಸಾಲ. ನೀವು ಕೇಳಬೇಕಾದ ಹೆಸರು ‘ಎಜುಕೇಶನ್ ಲೋನ್’ ಅಲ್ಲ, ‘ಸ್ಕಿಲ್ ಲೋನ್’. ಐಟಿಐ, ಪಾಲಿಟೆಕ್ನಿಕ್‌ಗಳಿಗೇ ಮಾಡಿದ ಮಾದರಿ ಯೋಜನೆ ಅದು; 2024ರಲ್ಲಿ ಮಿತಿಯನ್ನು 1.5 ಲಕ್ಷದಿಂದ 7.5 ಲಕ್ಷಕ್ಕೆ ಏರಿಸಿದರು. ಅಡಮಾನ ಕೇಳುವಂತಿಲ್ಲ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ.

ಬಡ್ಡಿ ಶೇ 11 ಎಂದು ಹಿಡಿಯೋಣ. ಓದುವಾಗ ಕಂತು ಇಲ್ಲ, ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ 50,000ಕ್ಕೆ ಎರಡು ವರ್ಷಕ್ಕೆ 11,000, ಎರಡನೇ 50,000ಕ್ಕೆ ಒಂದು ವರ್ಷಕ್ಕೆ 5,500. ಒಟ್ಟು 16,500 ಸೇರಿ ಸಾಲ 1,16,500 ಆಗುತ್ತದೆ. ಐದು ವರ್ಷಕ್ಕೆ ಕಂತು ಸುಮಾರು 2,530. ಬದಲಿಗೆ ಓದುವಾಗಲೇ ಬಡ್ಡಿ ಕಟ್ಟುತ್ತ ಹೋದರೆ (ಮೊದಲ ವರ್ಷ ತಿಂಗಳಿಗೆ 458, ಎರಡನೇ ವರ್ಷ 917) ಕಂತು 2,174ಕ್ಕೆ ನಿಲ್ಲುತ್ತದೆ. ಕೋರ್ಸು ಮುಗಿದ ಮೇಲೆ ಕಂತಿಗೆ ಸಿಗುವ ಬಿಡುವಿನಲ್ಲೂ ಬಡ್ಡಿ ಬೀಳುತ್ತದೆ, ಅದನ್ನು ದಾನ ಎಂದುಕೊಳ್ಳಬೇಡಿ. ಒಂದೇ ಸಲ ಪೂರ್ತಿ ಲಕ್ಷ ಎತ್ತಬೇಡಿ, ವರ್ಷದ ಫೀಗೆ ತಕ್ಕಂತೆ ಬಿಡುಗಡೆ ಮಾಡಿಸಿ. ಮನೆಯ ಬಂಗಾರ ಅಡವಿಡುವುದು ಸ್ಕಾಲರ್‌ಶಿಪ್ ಬರುವ ತನಕದ ನಾಲ್ಕಾರು ತಿಂಗಳಿಗೆ ಸರಿ, ಎರಡು ವರ್ಷದ ಫೀಗೆ ಅಲ್ಲ.

ತಮ್ಮನಿಗೆ ‘ಆರು ತಿಂಗಳ ಜಿಪಿ ರೇಟಿಂಗ್ ಮಾಡಿಸಿ ಹಡಗಿನಲ್ಲಿ ಕೆಲಸ ಕೊಡಿಸುತ್ತೇವೆ’ ಎಂದು ಏಜೆಂಟ್ 4 ಲಕ್ಷ ಕೇಳುತ್ತಿದ್ದಾನೆ. ಅಪ್ಪ ಬೋಟಿಗೆ ಹೋಗುವವರು.
— ಬೇಲೆಕೇರಿ

ಕೊಡಬೇಡಿ. ಹಡಗಿನ ಸಾಮಾನ್ಯ ಸಿಬ್ಬಂದಿಯಾಗಲು ಕಲಿಸುವ ಜಿಪಿ ರೇಟಿಂಗ್ ಎಂಬ ಕೋರ್ಸು ನಿಜ, ಹತ್ತನೇ ಪಾಸಾದವರಿಗೆ ಆರು ತಿಂಗಳ ವಸತಿ ತರಬೇತಿ. ಆದರೆ ಅದನ್ನು ನಡೆಸಬೇಕಾದ್ದು ಡಿಜಿ ಶಿಪ್ಪಿಂಗ್ (ಹಡಗು ವ್ಯವಹಾರ ನೋಡಿಕೊಳ್ಳುವ ಕೇಂದ್ರದ ಕಚೇರಿ) ಮಾನ್ಯತೆಯ ಸಂಸ್ಥೆ. ಪಟ್ಟಿ ಅವರ ವೆಬ್‌ಸೈಟಿನಲ್ಲೇ ಇದೆ. ಹಡಗಿಗೆ ಆಳು ಕಳಿಸುವವರಿಗೆ ಆರ್‌ಪಿಎಸ್‌ಎಲ್ ಪರವಾನಗಿ ಬೇಕು, ಮತ್ತು ಅಂಥವರು ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವಂತಿಲ್ಲ. ಫೀಯನ್ನು ಸಂಸ್ಥೆಯ ಖಾತೆಗಲ್ಲದೆ ವ್ಯಕ್ತಿಯ ಖಾತೆಗೆ ಹಾಕಿ ಎಂದರೆ ಅಲ್ಲಿಗೆ ಮಾತು ಮುಗಿಸಿ.

ನಿಮ್ಮ ಮನೆಗೆ ಹೆಚ್ಚು ಒಗ್ಗುವುದು ಕೇಂದ್ರ ಸರ್ಕಾರದ ಮೀನುಗಾರಿಕೆ ನೌಕಾ ತರಬೇತಿ ಸಂಸ್ಥೆ ಸಿಫ್‌ನೆಟ್. ಕೊಚ್ಚಿ, ಚೆನ್ನೈ, ವಿಶಾಖಪಟ್ಟಣದಲ್ಲಿದೆ. ವೆಸಲ್ ನ್ಯಾವಿಗೇಟರ್, ಮರೈನ್ ಫಿಟ್ಟರ್ ಎಂಬ ಎರಡು ವರ್ಷದ ಕೋರ್ಸುಗಳು. ಹತ್ತನೇ ತರಗತಿಯ ಗಣಿತ, ವಿಜ್ಞಾನದಲ್ಲಿ ತಲಾ ಶೇ 40 ಬೇಕು. ಬೋಟಿನ ಎಂಜಿನ್ನಿನ ಸದ್ದು ಕೇಳಿ ಬೆಳೆದ ಹುಡುಗನಿಗೆ ಮರೈನ್ ಫಿಟ್ಟರ್ ಕಷ್ಟವಾಗದು.

ನಮ್ಮ ಐಟಿಐಯ ಹಳೆ ವಿದ್ಯಾರ್ಥಿಗಳು 60,000 ರೂಪಾಯಿ ಒಟ್ಟುಮಾಡಿದ್ದಾರೆ. ಹೆಚ್ಚು ಅಂಕದವರಿಗೆ ಬಹುಮಾನ ಕೊಡೋಣವೆಂದಿದ್ದೇವೆ.
— ಸಮಿತಿಯ ಸದಸ್ಯರು, ಶಿರಸಿ ತಾಲ್ಲೂಕು

ಬಹುಮಾನ ಕೊಟ್ಟರೆ ಆರು ಫೋಟೊ, ಆರು ಹಾರ. ಹಣ ಒಂದೇ ವರ್ಷದಲ್ಲಿ ಖಾಲಿ. ಅದನ್ನೇ ಕೈಗಡ ನಿಧಿ ಮಾಡಿ. ಜೂನ್-ಜುಲೈಯಲ್ಲಿ 20 ಮಕ್ಕಳಿಗೆ ತಲಾ 3,000, ಬಡ್ಡಿಯಿಲ್ಲದೆ. ಸ್ಕಾಲರ್‌ಶಿಪ್ ಬಂದಾಗ ವಾಪಸ್. ಯಾರಿಗೆ ಎಂಬುದನ್ನು ಅಂಕ ನೋಡಿ ಅಲ್ಲ, ಎಸ್‌ಎಸ್‌ಪಿ ಸ್ವೀಕೃತಿ ಪತ್ರ ನೋಡಿ ನಿರ್ಧರಿಸಿ. ಆಗ ಮಕ್ಕಳು ಅರ್ಜಿಯನ್ನೂ ಬೇಗ ಹಾಕುತ್ತಾರೆ. ಒಂದು ರಿಜಿಸ್ಟರ್, ಪಾಲಕರ ಸಹಿ, ಇಬ್ಬರು ಬೋಧಕರ ಸಹಿ ಸಾಕು. ಎಲ್ಲರೂ ವಾಪಸ್ ಕೊಡುವುದಿಲ್ಲ. 20ರಲ್ಲಿ ಮೂವರು ಕೊಡದಿದ್ದರೆ 9,000 ಹೋಯಿತು, 51,000 ಉಳಿಯಿತು. ಅಷ್ಟನ್ನು ಹಳೆ ವಿದ್ಯಾರ್ಥಿಗಳು ಮುಂದಿನ ವರ್ಷ ತುಂಬಬಹುದು. ವಸೂಲಿಗೆಂದು ಅಂಕಪಟ್ಟಿ ಹಿಡಿದಿಡುವುದು ಮಾತ್ರ ಕೂಡದು.

ದುಡ್ಡಿಲ್ಲದೆ ಆಗುವ ಕೆಲಸವೂ ಒಂದಿದೆ. ಯಾವ ಸ್ಟಾಪಿನಿಂದ ಎಷ್ಟು ಮಕ್ಕಳು, ಎಷ್ಟು ಗಂಟೆಗೆ ಎಂಬ ಪಟ್ಟಿ ಮಾಡಿ ಪ್ರಾಚಾರ್ಯರ ಪತ್ರದೊಂದಿಗೆ ಡಿಪೊ ಮ್ಯಾನೇಜರಿಗೆ ಕೊಡಿ. ‘ಬಸ್ ಬಿಡಿ’ ಎಂಬ ಮನವಿ ಕಡತ ಸೇರುತ್ತದೆ. ‘7.40ರ ಬಸ್ಸನ್ನು 7.20ಕ್ಕೆ ಬಿಟ್ಟರೆ 34 ಮಕ್ಕಳಿಗೆ ಮೊದಲ ಪಿರಿಯಡ್ ಸಿಗುತ್ತದೆ’ ಎಂದು ಬರೆದರೆ ಅವರಿಗೂ ಉತ್ತರ ಕೊಡಲು ಸುಲಭ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ ಉಚಿತ. ಹುಡುಗರು ಸೇವಾ ಸಿಂಧುವಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಬೇಕು. ರೈಲು ಅಗ್ಗವೆಂದು ಕಾಣುತ್ತದೆ, ಆದರೆ ಕಾರವಾರದ ನಿಲ್ದಾಣ ಇರುವುದು ಶಿರವಾಡದಲ್ಲಿ. ಅಲ್ಲಿಂದ ಪೇಟೆಗೆ ಬರುವ ಆಟೊದ ಬಾಡಿಗೆಯನ್ನೂ ಸೇರಿಸಿ ನೋಡಿ.

ಮಳೆಗಾಲದಲ್ಲಿ ಬಸ್ ತಪ್ಪಿ, ರಸ್ತೆ ಕಟ್ಟಿ, ಹಾಜರಿ ಶೇ 70ಕ್ಕೆ ಇಳಿದಿದೆ. ಐಟಿಐ ಪರೀಕ್ಷೆಗೆ ಕೂರಿಸುತ್ತಾರೆಯೇ?
— ಗೋಕರ್ಣ ಕಡೆಯ ವಿದ್ಯಾರ್ಥಿ

ಐಟಿಐಗೆ ಶೇ 80 ಬೇಕು, ಡಿಪ್ಲೊಮಾಕ್ಕೆ 75. ಜಿಲ್ಲಾಧಿಕಾರಿ ರಜೆ ಘೋಷಿಸಿದ ದಿನಗಳನ್ನು ಕೆಲಸದ ದಿನವೆಂದು ಎಣಿಸಿ ನಿಮಗೆ ಗೈರುಹಾಜರಿ ಹಾಕಿದ್ದಾರೆಯೇ ಎಂದು ಮೊದಲು ನೋಡಿ, ಹಾಕಿದ್ದರೆ ತಿದ್ದಿಸಿ. ಗುಡ್ಡ ಕುಸಿದು ರಸ್ತೆ ಬಂದ್ ಆದ ದಿನಗಳಿಗೆ ಪತ್ರಿಕೆಯ ಸುದ್ದಿ ಅಥವಾ ಡಿಪೊದ ಪತ್ರ ಲಗತ್ತಿಸಿ ಪ್ರಾಚಾರ್ಯರಿಗೆ ಈಗಲೇ ಅರ್ಜಿ ಕೊಡಿ. ಪರೀಕ್ಷಾ ಫೀ ಕಟ್ಟುವ ವಾರದಲ್ಲಿ ಕೊಟ್ಟರೆ ಯಾರಿಗೂ ಪರಿಶೀಲಿಸಲು ಹೊತ್ತಿರುವುದಿಲ್ಲ. ಉಳಿದದ್ದು ಲೆಕ್ಕ: ಈತನಕ 90 ದಿನ ಕ್ಲಾಸು ನಡೆದು ನೀವು 63 ದಿನ ಹೋಗಿದ್ದರೆ, ಶೇ 80 ಮುಟ್ಟಲು ಇನ್ನು ಒಂದು ದಿನವೂ ತಪ್ಪಿಸದೆ 45 ದಿನ ಹೋಗಬೇಕು.